ಕೋಹೌಸಿಂಗ್‌ಗೆ ಹೋಗಬೇಕಾ? ಇದ್ದು ನೋಡಿದವರು ಹೇಳಿ

ಕೇಳಿದವರು: ನಾವಿಬ್ಬರು, ಒಂದು ಮಗು. 28 ಮನೆಗಳ ಕೋಹೌಸಿಂಗ್‌ನಲ್ಲಿ (ಅಂದರೆ ಇರುವವರೇ ಸೇರಿ ನಡೆಸುವ ಮನೆಗಳ ಗುಂಪು) ಒಂದು ಮನೆ ಮಾರಾಟಕ್ಕಿದೆ. ಮನೆ, ಅಡುಗೆಕೋಣೆ ನಮ್ಮದೇ. ಒಟ್ಟಿಗೆ ಸೇರುವ ಕಟ್ಟಡ (ಕಾಮನ್ ಹೌಸ್), ತೋಟ, ವಾಷಿಂಗ್ ಮೆಷಿನ್ ಎಲ್ಲರದ್ದು. ವಾರಕ್ಕೆ 3 ರಾತ್ರಿ ಒಟ್ಟಿಗೆ ಊಟ. ನನಗೆ ನೈಟ್ ಶಿಫ್ಟ್. ಹೊಂದಿಕೆ ಆಗುತ್ತಾ?

ಕಟ್ಟಿಸಿದವಳು: ನಾನು ಮೊದಲ ಸಭೆಯಿಂದ ಇದ್ದವಳು. ಎಲ್ಲ ಮುಗಿದ ಮೇಲೆ ಬಂದು ಬೀಗದ ಕೈ ಇಸಿದುಕೊಳ್ಳುವವರಿಗೆ ಈ ಕಷ್ಟ ಗೊತ್ತಾಗುವುದಿಲ್ಲ ಬಿಡಿ. ಶುರುವಿನಲ್ಲಿ 11 ಕುಟುಂಬ, ಆರು ವರ್ಷದ ಮೇಲೆ ಒಳಗೆ ಕಾಲಿಟ್ಟದ್ದು ಅದರಲ್ಲಿ 4. ಬಿಟ್ಟುಹೋದವರ ಮುಂಗಡ ವಾಪಸ್ ಕೊಟ್ಟವರೂ ನಾವೇ. ನಕ್ಷೆ ಎರಡು ಸಲ, ಆರ್ಕಿಟೆಕ್ಟ್ ಫೀಸೂ ಎರಡು ಸಲ. ಒಟ್ಟು ಖರ್ಚು ಅಂದಾಜಿಗಿಂತ ಮೂರನೇ ಒಂದು ಪಾಲು ಜಾಸ್ತಿ ಆಯಿತು. ಉಳಿಸೋಣ ಅಂತ ಕಾಮನ್ ಹೌಸ್ ಚಾವಣಿಗೆ ಸದ್ದು ಹೀರುವ ಹಲಗೆ ಹಾಕಿಸಲಿಲ್ಲ. 40 ಜನ ಊಟಕ್ಕೆ ಕೂತರೆ ಪಕ್ಕದವರ ಮಾತೂ ಕೇಳಿಸದು, ವಯಸ್ಸಾದವರು ತಟ್ಟೆ ಹಿಡಿದುಕೊಂಡು ಮನೆಗೆ ಹೋಗತೊಡಗಿದರು. ಎರಡು ವರ್ಷ ಬಿಟ್ಟು ಹಾಕಿಸಿದಾಗ ದುಪ್ಪಟ್ಟು ಖರ್ಚು. ಆದರೂ ನನ್ನ ಕಾಲು ಮುರಿದಾಗ 5 ವಾರ ನಾನು ಒಲೆ ಹಚ್ಚಲಿಲ್ಲ. ಅದಕ್ಕೆ ಬೆಲೆ ಕಟ್ಟಿ ನೋಡೋಣ.

ಬಿಟ್ಟು ಬಂದವ: ಕಾಲು ಮುರಿದರೆ ಮಾತ್ರ ಸುಖ ಅನ್ನಿ! ನಾಲ್ಕು ವರ್ಷ ಇದ್ದೆ. ಎಲ್ಲರೂ ಒಪ್ಪಿದರಷ್ಟೇ ತೀರ್ಮಾನ ಅನ್ನುವ ನಿಯಮ. ಒಂದು ಬೇಲಿಗೆ 7 ತಿಂಗಳು ಸಭೆ, ಯಾಕಂದರೆ ಒಬ್ಬರು ಬೇಡ ಅಂದರು. ತಿಂಗಳಿಗೆ 8 ಗಂಟೆ ಶ್ರಮದಾನ ಬೇರೆ. ಹೆಂಡತಿ ಹಾಸಿಗೆ ಹಿಡಿದಾಗ ನನ್ನ 26 ಗಂಟೆ ಬಾಕಿ ಅಂತ ನೋಟೀಸ್ ಬೋರ್ಡಿಗೆ ಅಂಟಿಸಿದರು. ಮಾರಲು 14 ತಿಂಗಳು ಹಿಡಿಯಿತು. ಕೊಳ್ಳುವವರು ಮೊದಲು ಎರಡು ಊಟಕ್ಕೆ, ಒಂದು ಸಭೆಗೆ ಬರಬೇಕಂತೆ. ಕಾಮನ್ ಹೌಸ್‌ಗೆ ಸುರಿದ ನನ್ನ ಪಾಲಿನ ದುಡ್ಡನ್ನು ಯಾವ ಗಿರಾಕಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕಟ್ಟಿಸಿದವಳು: ನಿಮ್ಮಂಥವರ ಬಾಕಿ ಗಂಟೆಯಲ್ಲೇ ನಾನು ಚರಂಡಿ ಬಳಿದದ್ದು ಸರ್. ಇನ್ನು ಕಾಯುವ ಮಾತು: ಡೆನ್ಮಾರ್ಕ್‌ನ ವಾಸ್ತುಶಿಲ್ಪಿ ಗುಡ್‌ಮನ್ ಹೋಯರ್ 1964ರಲ್ಲಿ ಗೆಳೆಯರ ಜೊತೆ ಇಂಥದ್ದೊಂದು ಕಟ್ಟುವ ಯೋಚನೆ ಶುರು ಮಾಡಿದರು. ಕೋಪನ್‌ಹೇಗನ್ ಹೊರಗೆ ಜಾಗ ಕೊಂಡ ಮೇಲೂ ನೆರೆಯವರ ವಿರೋಧಕ್ಕೆ ಕೈಬಿಡಬೇಕಾಯಿತು. ಹಾಗಂತ ಆ ಯೋಚನೆ ಅಲ್ಲಿಗೇ ನಿಂತಿತಾ? ಡೆನ್ಮಾರ್ಕ್‌ನ ಮೊದಲ ಕೋಹೌಸಿಂಗ್ ಸೆಟ್ಟೆಡಾಮೆನ್‌ಗೆ ಜನ ಬಂದದ್ದು 1972ರಲ್ಲಿ. ನಿಮಗೆ ಏಳು ತಿಂಗಳೇ ಭಾರ.

ಬಿಟ್ಟು ಬಂದವ: ಅವರು ಊರು ಕಟ್ಟುತ್ತಿದ್ದರು ಮೇಡಂ, ನಾನು ಕೇಳಿದ್ದು ಬೇಲಿ.

ಬಾಡಿಗೆಗಿರುವವಳು: ಇಬ್ಬರೂ ಮಾಲೀಕರ ಸಂಕಟವನ್ನೇ ಹೇಳಿದಿರಿ. ನಮಗೆ ಶ್ರಮದಾನ ಪೂರ್ತಿ, ಸಭೆಯಲ್ಲಿ ಮಾತು ಅರ್ಧ. ಕಾರು ಅಂಚಿನಲ್ಲೇ ನಿಲ್ಲಬೇಕು, ಮನೆವರೆಗೆ 160 ಹೆಜ್ಜೆ, ಮಳೆಯಲ್ಲಿ ಮಗು ಎತ್ತಿಕೊಂಡು ಎಣಿಸಿದ್ದೇನೆ. ಅಡುಗೆಕೋಣೆ ಕಿಟಕಿ ಬೇಕಂತಲೇ ನಡೆಯುವ ಹಾದಿಗೆ ಇಟ್ಟಿರುತ್ತಾರೆ, ಹೋಗಿಬರುವವರು ಕಾಣಲಿ ಅಂತ. ಪರದೆ ಎಳೆದರೆ ಸಂಜೆಗೆ ಮೂವರು ಬಾಗಿಲು ತಟ್ಟಿ 'ಹುಷಾರಿದ್ದೀರಾ' ಅನ್ನುತ್ತಾರೆ. ಒಮ್ಮೊಮ್ಮೆ ಇಷ್ಟವಾಗುತ್ತದೆ, ಸುಳ್ಳೇಕೆ.

ಕೇಳಿದವರು: ಹಗಲು ನಿದ್ದೆ ಮಾಡುವವರು ಏನು ಮಾಡುತ್ತಾರೆ?

ಬಿಟ್ಟು ಬಂದವ: ಮೇಡಂ, ಆ ಚರಂಡಿ ಮಾತು ವಾಪಸ್ ತಗೊಳ್ಳಿ. ನಾನಿದ್ದ ಕಡೆ ಅದಕ್ಕೆ ಆಳು ಇಟ್ಟಿದ್ದೆವು.

ಕಟ್ಟಿಸಿದವಳು: ಅದನ್ನೇ ಹೇಳಿದ್ದು.