ಸನ್ನತಿ–ಕನಗನಹಳ್ಳಿ: ಒಂದೇ ದಿನದಲ್ಲಿ ಸರಿಯಾಗಿ ನೋಡೋದು ಹೇಗೆ?

ದಾರಿಬುತ್ತಿ
ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಕಲಬುರಗಿ ಕಡೆ ಬರ್ತಿದೀವಿ. ಒಂದು ಪೂರ್ತಿ ದಿನವನ್ನ ಸನ್ನತಿ ಮತ್ತು ಕನಗನಹಳ್ಳಿಯ ಬೌದ್ಧ ಅವಶೇಷಗಳಿಗೇ ಎತ್ತಿಟ್ಟಿದೀವಿ. ಜತೆಗೆ ಅಮ್ಮ ಇರ್ತಾರೆ, 68 ವರ್ಷ, ನಿಧಾನಕ್ಕೆ ನಡೀತಾರೆ. ಯಾವ ಸ್ಟೇಷನ್ನಿನಲ್ಲಿ ಇಳಿಯೋದು, ಮೊದಲು ಯಾವುದನ್ನ ನೋಡೋದು, ಅಶೋಕನ ಶಿಲ್ಪದ ಮೇಲಿನ ಹೆಸರನ್ನ ನಾವೇ ಓದೋಕಾಗುತ್ತಾ? "ಹೋದ್ವಿ, ಬರೀ ಕಲ್ಲು ಬಿದ್ದಿದ್ವು, ವಾಪಸ್ ಬಂದ್ವಿ" ಅಂತ ಹೇಳಿದವರೇ ಜಾಸ್ತಿ. ಹಾಗಾಗಬಾರದು ಅಂತ ಕೇಳ್ತಿದೀನಿ.

ಬಿಸಿಲೂರು
ನಮಸ್ಕಾರ್ರಿ. ಮದಲ ಒಂದ ಮಾತ: ಈ ಕಡಿ ಸನ್ನತಿ ಅಂದ್ರ ಚಂದ್ರಲಾಂಬಾ ಗುಡಿ. ಬಸ್ಸಿನವ್ರು, ಜೀಪಿನವ್ರು ಗುಡಿ ಮುಂದ ಇಳಿಸಿ ಹೋಗ್ತಾರ. ಸ್ತೂಪ ಇರೋದು ಅಲ್ಲಿಂದ ಸುಮಾರು 3 ಕಿ.ಮೀ. ದೂರ, ಕನಗನಹಳ್ಳ್ಯಾಗ. ಬರೀ ಕಲ್ಲು ನೋಡಿ ಬಂದ್ವಿ ಅನ್ನೋರಾಗ ಅರ್ಧ ಮಂದಿ ಸ್ತೂಪದ ತನಕ ಹೋಗೇ ಇರಂಗಿಲ್ಲ.

ಹತ್ತಿರದ ಸ್ಟೇಷನ್ ನಾಲವಾರ, ಸುಮಾರು 20 ಕಿ.ಮೀ. ಆದ್ರ ಎಲ್ಲಾ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲಂಗಿಲ್ಲ. ಬೆಂಗಳೂರಿನಿಂದ ಬರೋರು ಯಾದಗಿರಿ ಇಲ್ಲಾ ವಾಡಿ ಜಂಕ್ಷನ್‌ನಾಗ ಇಳಿದು, ದಿನದ ಲೆಕ್ಕದಾಗ ಕಾರ್ ಮಾತಾಡ್ರಿ. ಕಲಬುರಗಿಯಿಂದ್ಲೇ ಹೊಂಟ್ರ 70 ಕಿ.ಮೀ. ಹತ್ತಿರ ಆಗ್ತದ, ಎರಡು ತಾಸು ಹಿಡೀರಿ. ಬಸ್ ಮ್ಯಾಲ ನಂಬಿಕಿ ಇಟ್ಟು ಅಮ್ಮಾರನ್ನ ಕರಕೊಂಡು ಬರಬ್ಯಾಡ್ರಿ. ಹೋಗೂದು ಹೆಂಗೋ ಹೋಗ್ತೀರಿ, ಹೊಳ್ಳಿ ಬರೂದು ಕಷ್ಟ.

ನೀರು ತಲಿಗೆ ಎರಡು ಲೀಟರ್, ಊಟ ಕಟಗೊಂಡೇ ಬರ್ರಿ. ರೊಟ್ಟಿ, ಶೇಂಗಾ ಹಿಂಡಿ ಇದ್ರ ಸಾಕು, ಕೆಡಂಗಿಲ್ಲ. ಡಿಸೆಂಬರ್ ಛಲೋ ಕಾಲ, ಆದ್ರೂ 11ರ ಮ್ಯಾಲ ಬಿಸಿಲು ಬಿಸಿಲೇ. ಏಪ್ರಿಲ್–ಮೇದಾಗ 40 ಡಿಗ್ರಿ ದಾಟ್ತದ, ಆವಾಗ ಯಾರೂ ಬರಬ್ಯಾಡ್ರಿ. ಮಳಿಗಾಲದಾಗ ಎರಿ ಮಣ್ಣು. ಹತ್ತು ಹೆಜ್ಜಿ ಇಡೋದ್ರಾಗ ಒಂದೊಂದು ಚಪ್ಪಲಿಗೆ ಅರ್ಧ ಕಿಲೋ ಮಣ್ಣು ಮೆತ್ತಿರ್ತದ.

ಶಾಸನದ ಹುಚ್ಚು
ಸಾಂಚಿಯ ಹಾಗೆ ಎತ್ತರದ ಗುಮ್ಮಟ ಇರುತ್ತೆ ಅಂದುಕೊಂಡು ಹೋದರೆ ನಿರಾಸೆ ಖಂಡಿತ. ಇಲ್ಲಿಯ ಗುಮ್ಮಟ ಎಂದೋ ಕುಸಿದಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ 2001ರವರೆಗೆ ಅಗೆದಾಗ ಸಿಕ್ಕಿದ್ದು ಸ್ತೂಪದ ಬುಡ ಮತ್ತು ಅದಕ್ಕೆ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳು. ಬಹಳ ವರ್ಷ ಆ ಚಪ್ಪಡಿಗಳು ಅಲ್ಲೇ ಬಯಲಲ್ಲಿ ಸಾಲಾಗಿ ಮಲಗಿದ್ದವು. ಈಚೆಗೆ ಹೊಸ ಇಟ್ಟಿಗೆ ಬಳಸಿ ಕೆಳಭಾಗವನ್ನ ಮತ್ತೆ ಕಟ್ಟುವ ಕೆಲಸ ನಡೆದಿದೆ. ಹಾಗಾಗಿ ಹೊಸ ಇಟ್ಟಿಗೆ ಕಂಡರೆ ಗಾಬರಿ ಬೇಡ, ಅದನ್ನ ಹಳೆಯದು ಅಂತ ಫೋಟೋ ಹಾಕೋದೂ ಬೇಡ.

ನೋಡುವಾಗ ಈ ನಾಲ್ಕು ಭಾಗ ಮನಸ್ಸಲ್ಲಿರಲಿ. ಸುತ್ತ ನಡೆಯುವ ಪ್ರದಕ್ಷಿಣಾಪಥ. ಅದರ ಒಳಗೆ ಡೋಲಿನಾಕಾರದ ಮೇಧಿ. ಅದರ ಮೇಲೆ ಅಂಡ, ಅಂದರೆ ಗುಮ್ಮಟ. ನಾಲ್ಕೂ ದಿಕ್ಕಿಗೆ ಮೇಧಿಯಿಂದ ಮುಂದೆ ಚಾಚಿದ ಜಗುಲಿಯಂಥ ಆಯಕ. ಆಯಕ ಅನ್ನೋದು ಆಂಧ್ರದ ಅಮರಾವತಿ, ನಾಗಾರ್ಜುನಕೊಂಡದ ಕಡೆಯ ಪದ್ಧತಿ. ಸಾಂಚಿಯಲ್ಲಿ ಇದು ಸಿಗೋದಿಲ್ಲ. ಒಂದು ಆಯಕದ ಎದುರು ನಿಂತು, ಬಲಕ್ಕೆ ಸ್ತೂಪ ಇರುವ ಹಾಗೆ ಒಂದು ಸುತ್ತು ಪೂರ್ತಿ ಹಾಕಿ. ಮೊದಲ ಸುತ್ತಿನಲ್ಲಿ ಫೋನು ಜೇಬಲ್ಲೇ ಇರಲಿ. ಯಾವ ಚಪ್ಪಡಿ ಎಲ್ಲಿ ಕೂರುತ್ತಿತ್ತು ಅನ್ನೋದು ತಲೆಗೆ ಹೋದ ಮೇಲೆಯೇ ಬಿಡಿ ಶಿಲ್ಪಗಳು ಮಾತಾಡೋದು.

ಈ ಜಾಗದ ನಿಜವಾದ ಆಸ್ತಿ ಚಪ್ಪಡಿಗಳ ಮೇಲೆ ಕೆತ್ತಿದ ಸಣ್ಣ ಹೆಸರುಬರಹಗಳು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಶಾಸನಗಳು ಈ ಸ್ತೂಪವನ್ನ 'ಅಧೋಲೋಕ ಮಹಾಚೈತ್ಯ' ಅಂತ ಕರೆಯುತ್ತವೆ. ಅಶೋಕನ ಫಲಕದಲ್ಲಿ ರಾಜ, ರಾಣಿ, ಹಿಂದೆ ಕೊಡೆ ಮತ್ತು ಚಾಮರ ಹಿಡಿದ ಪರಿಚಾರಿಕೆಯರು. ಅದರ ಮೇಲೆ 'ರಾಯಾ ಅಸೋಕೋ'. ಪತ್ರಿಕೆಗಳಲ್ಲಿ 'ರಾಣ್ಯೋ ಅಶೋಕ' ಅಂತ ಓದಿರುತ್ತೀರಿ, ಅದೇ ಇದು. ಎಲ್ಲರೂ ಇದೊಂದನ್ನೇ ಹುಡುಕಿಕೊಂಡು ಬರ್ತಾರೆ. ನನ್ನನ್ನ ಕೇಳಿದರೆ ಶಾತವಾಹನರ ಫಲಕಗಳು ಇನ್ನೂ ಸ್ವಾರಸ್ಯ. ಒಂದರಲ್ಲಿ ಸಾತಕಣಿ ರಾಜ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆ ಅರ್ಪಿಸುತ್ತಾನೆ. ಇನ್ನೊಂದರಲ್ಲಿ 'ರಾಯಾ ಪುಡುಮಾವಿ ಅಜಯತಸ ಉಜೇನಿ ದೇತಿ', ಅಂದರೆ ಪುಳುಮಾವಿ ರಾಜ ಅಜಯತನಿಗೆ ಉಜ್ಜಯಿನಿಯನ್ನ ಕೊಡುತ್ತಾನೆ. ಭೀಮಾ ದಂಡೆಯ ಕಲ್ಲಿನ ಮೇಲೆ ಉಜ್ಜಯಿನಿಯ ರಾಜಕೀಯ!

ಓದೋಕಾಗುತ್ತಾ ಅಂದ್ರೆ, ಆಗುತ್ತೆ. ಎಡದಿಂದ ಬಲಕ್ಕೆ ಓದಿ. 'ಕ' ಅಂದರೆ ಕೂಡಿಸುವ ಚಿಹ್ನೆ, ನಮ್ಮ ಕನ್ನಡದ 'ಕ' ಅದರ ವಂಶದ್ದೇ. 'ರ' ಒಂದು ನೆಟ್ಟಗಿನ ಗೆರೆ, ಬುಡದಲ್ಲಿ ಕೊಕ್ಕೆ. 'ಯ' ಹಡಗಿನ ಲಂಗರಿನ ಹಾಗೆ. 'ಅ' ಬರೆಯಲು ನಿಂತ ಗೆರೆಯ ನಡುವಿಗೆ ಎಡಗಡೆಯಿಂದ ಎರಡು ಓರೆ ಗೆರೆ ಬಂದು ಸೇರುತ್ತವೆ. ತಲೆಯ ಮೇಲೆ ಎರಡೂ ಕಡೆ ಅಡ್ಡಗೆರೆ ಇದ್ದರೆ 'ಓ' ಸ್ವರ. ಇಷ್ಟನ್ನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ 'ರಾಯಾ' ಮತ್ತು 'ಕೋ' ನೀವೇ ಹಿಡೀತೀರಿ. 'ರಾಯಾ' ಅನ್ನೋದು ರಾಜರ ಫಲಕಗಳಲ್ಲೆಲ್ಲ ಬರೋದರಿಂದ ಅದೇ ಒಳ್ಳೆಯ ಬೀಗದಕೈ.

ದಾರಿಬುತ್ತಿ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಷರ ಸವೆದಿದ್ದರೆ ಸೀಮೆಸುಣ್ಣದ ಪುಡಿ ಉಜ್ಜಿದರೆ ಕಾಣುತ್ತೆ ಅಂತ ಒಬ್ಬರು ಹೇಳಿದ್ರು. ಇಲ್ಲಾಂದ್ರೆ ನೀರು ಚಿಮುಕಿಸಿದರೂ ಆಗುತ್ತಂತೆ?

ಉಳಿಪೆಟ್ಟು
ಎರಡೂ ಬೇಡ ಮೇಡಂ/ಸರ್, ದಯವಿಟ್ಟು. ಇದು ಗಟ್ಟಿ ಗ್ರಾನೈಟ್ ಅಲ್ಲ, ಸುಣ್ಣಕಲ್ಲು. ಮನೆಗೆ ಹಾಸುವ ಶಹಾಬಾದ್ ಫರಸಿಯ ಬಳಗದ್ದು. ಪದರ ಪದರವಾಗಿರುತ್ತೆ. ನೀರು ಒಳಗಿಳಿದು ಆರುವಾಗ ಕಲ್ಲಿನೊಳಗಿನ ಲವಣ ಮೇಲಕ್ಕೆ ಬಂದು ಹರಳುಗಟ್ಟುತ್ತೆ, ಆಗ ಮೇಲ್ಪದರ ಹಪ್ಪಳದ ಹಾಗೆ ಎದ್ದು ಉದುರುತ್ತೆ. ಉದುರಿದ ಚೂರಿನ ಜತೆ ಅಕ್ಷರವೂ ಹೋಯಿತು. ಸೀಮೆಸುಣ್ಣ ಉಜ್ಜಿದರೆ ಸಣ್ಣ ಗೆರೆಗಳ ಅಂಚು ಸವೆಯುತ್ತೆ, ಪುಡಿ ಗೆರೆಯೊಳಗೇ ಕೂತುಬಿಡುತ್ತೆ. ಲಿಂಬೆಹಣ್ಣಂತೂ ಸುಣ್ಣಕಲ್ಲನ್ನ ತಿಂದೇ ಹಾಕುತ್ತೆ. ಎಣ್ಣೆ, ಕುಂಕುಮವೂ ಅಷ್ಟೇ, ಭಕ್ತಿಯಿಂದ ಹಚ್ಚಿದರೂ ಕಲ್ಲಿಗೆ ಕೇಡೇ. ಸಂರಕ್ಷಿತ ಸ್ಮಾರಕವನ್ನ ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಅಕ್ಷರ ಕಾಣಿಸೋಕೆ ಬೇಕಾಗಿರೋದು ಓರೆ ಬೆಳಕು ಮಾತ್ರ. ಟಾರ್ಚನ್ನ ಎದುರಿನಿಂದ ಬಿಡಬೇಡಿ. ಕಲ್ಲಿನ ಪಕ್ಕಕ್ಕೆ ಹೋಗಿ, ಕಲ್ಲಿನ ಮೈಗೆ ಸಮಾನಾಂತರ ಅನ್ನುವಷ್ಟು ತಗ್ಗಿಸಿ ಹಿಡಿಯಿರಿ. ಒಬ್ಬರು ಕೊಡೆ ಹಿಡಿದು ಬಿಸಿಲು ತಡೆದರೆ ಇನ್ನೂ ಚೆನ್ನ. ಮೊದಲು ಎಡದಿಂದ, ಆಮೇಲೆ ಮೇಲಿನಿಂದ ಬೆಳಕು ಬಿಟ್ಟು ಎರಡು ಫೋಟೋ ತೆಗೆಯಿರಿ. ಒಂದೇ ಕಡೆಯಿಂದ ಬಿಟ್ಟರೆ ಆ ದಿಕ್ಕಿಗೇ ಇರುವ ಗೆರೆಗಳಿಗೆ ನೆರಳು ಬೀಳೋದಿಲ್ಲ, 'ಕ' ಇದ್ದದ್ದು ಬರೀ ಒಂದು ಗೆರೆಯಾಗಿ ಕಾಣುತ್ತೆ. ಟ್ರೈಪಾಡ್, ಡ್ರೋನ್‌ಗೆ ಮೊದಲೇ ಅನುಮತಿ ಬೇಕು, ಸುಮ್ಮನೆ ಒಯ್ಯಬೇಡಿ.

ಇದೇ ಕಾರಣಕ್ಕೆ ಬೆಳಗ್ಗೆ 8ರಿಂದ 10:30 ಸ್ತೂಪಕ್ಕೆ ಕೊಡಿ. ನಡುಮಧ್ಯಾಹ್ನದ ಬಿಸಿಲಲ್ಲಿ ಉಬ್ಬುಶಿಲ್ಪವೆಲ್ಲ ಚಪ್ಪಟೆ.

ಶಾಸನದ ಹುಚ್ಚು
ಮಧ್ಯಾಹ್ನಕ್ಕೆ ಸನ್ನತಿ ಗುಡಿ ಸರಿಹೋಗುತ್ತೆ. ಅಮ್ಮನವರಿಗೆ ನೆರಳೂ ಸಿಗುತ್ತೆ. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಅಂತ ಗೊತ್ತಾಗಿದ್ದು ಆಗಲೇ. ಮೂರ್ತಿ ಕೂರಿಸೋಕೆ ನಟ್ಟನಡುವೆ ತೂತು ಕೊರೆದಿದ್ದಾರೆ, ಅಷ್ಟು ಅಕ್ಷರ ಶಾಶ್ವತವಾಗಿ ಹೋಯಿತು. ಚಪ್ಪಡಿಯ ಎರಡೂ ಮುಖದಲ್ಲಿ ಬರಹವಿದೆ: ಒಂದರಲ್ಲಿ ಅಶೋಕನ 14 ಬಂಡೆ ಶಾಸನಗಳ ಸಾಲಿನ 12 ಮತ್ತು 14ನೆಯದು, ಇನ್ನೊಂದರಲ್ಲಿ ಆ ಸಾಲಿಗೆ ಸೇರದ, 'ಪ್ರತ್ಯೇಕ ಶಾಸನ' ಅಂತಲೇ ಕರೆಯುವ ಎರಡು ಶಾಸನಗಳು. ಈ ಪ್ರತ್ಯೇಕ ಶಾಸನಗಳು ಇದಕ್ಕೂ ಮೊದಲು ಸಿಕ್ಕಿದ್ದು ಕಳಿಂಗದ (ಇಂದಿನ ಒಡಿಶಾದ) ಧೌಳಿ, ಜೌಗಡದಲ್ಲಿ ಮಾತ್ರ. 'ಎಲ್ಲ ಮನುಷ್ಯರೂ ನನ್ನ ಮಕ್ಕಳು' ಅನ್ನುವ ಮಾತು ಬರೋದು ಅವುಗಳಲ್ಲೇ. ಗುಡಿಯಲ್ಲಿ 'ಅಶೋಕನ ಕಲ್ಲು ಎಲ್ಲಿಟ್ಟಿದ್ದೀರಿ' ಅಂತ ಸೀದಾ ಕೇಳಿ. ಒಂದೇ ಮುಖ ನೋಡಿ ಬಂದುಬಿಡಬೇಡಿ, ಹಿಂದಕ್ಕೂ ಹೋಗಿ ನೋಡಿ.

ಬಿಸಿಲೂರು
ಟೈಮ್ ಉಳದ್ರ ಸನ್ನತಿ ಹತ್ತಿರಾನೇ ರಣಮಂಡಲ ಅದ, ಹಳೇ ಕೋಟಿ ಇದ್ದ ಜಾಗ. ಅಗದಿದ್ದು ಅದರಾಗ ಸಣ್ಣ ತುಣುಕು ಅಷ್ಟ. ಆದ್ರ ಅಲ್ಲಿ ನೆಲದ ಮ್ಯಾಲ ಮಡಕಿ ಚೂರು, ಮಣಿ ಕಂಡ್ರ ಕಿಸೆದಾಗ ಹಾಕ್ಕೋಬ್ಯಾಡ್ರಿ, ಇದ್ದಲ್ಲೇ ಬಿಡ್ರಿ. ಅಮ್ಮಾರಿಗೆ ಅಲ್ಲಿ ನಡ್ಯಾಕ ಆಗಂಗಿಲ್ಲ, ತಗ್ಗು ದಿನ್ನಿ ಭಾಳ. ಅವರು ಗುಡಿಯಾಗೇ ಕುಂದರ್ಲಿ. ಮತ್ತ 4ಕ್ಕ ಇನ್ನೊಮ್ಮೆ ಸ್ತೂಪಕ್ಕ ಹೋಗ್ರಿ, ಮುಂಜಾನೆ ನೆರಳಿನಾಗಿದ್ದ ಪಡುವಣದ ಕಡಿಗೆ ಆವಾಗ ಓರೆ ಬಿಸಿಲು ಬಿದ್ದಿರ್ತದ. ಕಾರಿನವ್ರಿಗೆ ಇದನ್ನ ಮುಂಜಾನೇನೇ ಹೇಳಿಡ್ರಿ, ಇಲ್ಲಂದ್ರ ಮೂರಕ್ಕೇ "ಹೋಗೂಣೇನ್ರಿ" ಅಂತ ಶುರು ಮಾಡ್ತಾರ.