ಸಹಾಯ ಬೇಕು: ಟ್ಯಾಬ್ಲೆಟ್‌ನಲ್ಲಿ ಥಾಯ್ ರನಾತ್ ಏಕ್

ನಮಸ್ಕಾರ. ಥಾಯ್ಲೆಂಡಿನ ರನಾತ್ ಏಕ್ ವಾದ್ಯದ ಆ್ಯಪ್ ಮಾಡುತ್ತಿದ್ದೇನೆ. ದೋಣಿಯಾಕಾರದ ಪೆಟ್ಟಿಗೆಯ ಮೇಲೆ ದಾರಕ್ಕೆ ಕಟ್ಟಿದ 21 ಮರದ ಪಟ್ಟಿಗಳು, ಬಡಿಯಲು ಎರಡು ಕೋಲು. ಪಟ್ಟಿಯ ಅಡಿಗೆ ಸೀಸ ಬೆರೆಸಿದ ಜೇನುಮೇಣ ಮೆತ್ತಿ ಶ್ರುತಿ ಮಾಡುತ್ತಾರೆ, ಎಂಥ ನಾಜೂಕಿನ ಕೆಲಸ! ಸಪ್ತಕಕ್ಕೆ ಹೆಚ್ಚುಕಡಿಮೆ 7 ಸಮಭಾಗ. ಸಪ್ತಕವನ್ನು 12 ಭಾಗ ಮಾಡುವ ಕೀಬೋರ್ಡಿನ ಸ್ವರ ಹಾಕಿದರೆ ಜೀವವೇ ಹೋಗುತ್ತದೆ, ಹಾಗಾಗಿ ಸ್ವರಗಳ ನಡುವೆ ಸುಮಾರು 171 ಸೆಂಟ್ (ಸಪ್ತಕಕ್ಕೆ 1200 ಸೆಂಟ್) ಇಟ್ಟಿದ್ದೇನೆ.

ತೊಡಕು ಏನೆಂದರೆ, ಎರಡೂ ಕೈಯಿಂದ ಒಂದರ ಹಿಂದೊಂದು ಬಡಿಯುವ ‘ಕ್ರೊ’ ನುಡಿಸಿದಾಗ ಅದೇ ಸ್ಯಾಂಪಲ್ (ಧ್ವನಿಮುದ್ರಿಸಿದ ಸದ್ದಿನ ತುಣುಕು) ಮರುಕಳಿಸಿ ಹೊಲಿಗೆ ಯಂತ್ರದಂತೆ ಕೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಬೆರಳು ತಾಗಿದ ಮೇಲೆ ಸದ್ದೂ ತಡ. 10 ಇಂಚಿನ ಪರದೆಯಲ್ಲಿ ಪಟ್ಟಿ ಬೆರಳಿಗಿಂತ ಕಿರಿದು.

ಆಂಡ್ರಾಯ್ಡ್‌ನಲ್ಲಿ ಸದ್ದಿನ ತಡ ಕಡಿಮೆ ಮಾಡಲು ಇರುವ ಓಬೋ ಎಂಬ ಕೋಡ್ ಲೈಬ್ರರಿ ಬಳಸಿದವರು ಇದ್ದೀರಾ? ಪ್ರತಿ ಪಟ್ಟಿಗೆ ಎಷ್ಟು ಸ್ಯಾಂಪಲ್ ಬೇಕಾದೀತು? ಬ್ಯಾಂಕಾಕಿನಲ್ಲಿರುವ ಕನ್ನಡಿಗರು ಯಾರಾದರೂ ಗಟ್ಟಿ ಕೋಲು, ಮೆತ್ತನೆ ಕೋಲು ಎರಡರ ನಾದವನ್ನೂ ನುಡಿಸುವವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ಕಳಿಸಿದರೆ ತುಂಬಾ ಉಪಕಾರ.