ವರ್ಷಕ್ಕೆ ಹನ್ನೆರಡು ಪ್ಲಾಟಿನಂ: ಇದು ಗುರಿಯೋ, ಬರೀ ಹಠವೋ?

ತಡರಾತ್ರಿ ಆಟಗಾರ:
ಮುಂದಿನ ಒಂದು ವರ್ಷಕ್ಕೆ ನಾನು ಮೂರು ಗುರಿಗಳನ್ನು ಹಾಕಿಕೊಂಡಿದ್ದೇನೆ. ಹನ್ನೆರಡು ವಿಡಿಯೊ ಆಟಗಳಲ್ಲಿ ಪ್ಲಾಟಿನಂ ಟ್ರೋಫಿ (ಪ್ಲೇಸ್ಟೇಷನ್‌ನಲ್ಲಿ ಮೂಲ ಆಟದ ಉಳಿದೆಲ್ಲ ಟ್ರೋಫಿಗಳನ್ನೂ ಗೆದ್ದವರಿಗೆ ಸಿಗುವುದು) ಪಡೆಯುವುದು ಮೊದಲನೆಯದು. ಕಂಪ್ಯೂಟರ್ ಆಟಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನ ನನ್ನ ಪ್ರೊಫೈಲಿನಲ್ಲಿ ಕಾಣುವ ಸರಾಸರಿ ಪೂರ್ಣತೆಯ ಪ್ರಮಾಣವನ್ನು ಶೇ. 90ಕ್ಕೆ ಏರಿಸುವುದು ಎರಡನೆಯದು. 'ಹಾಲೊ ನೈಟ್' ಆಟದ 'ಸ್ಟೀಲ್ ಹಾರ್ಟ್' ಮೂರನೆಯದು. ಅಂದರೆ ಒಂದೇ ಜೀವವಿರುವ, ಸತ್ತರೆ ಅಲ್ಲಿಯವರೆಗಿನ ಆಟವೆಲ್ಲ ಕೈಬಿಟ್ಟು ಹೋಗುವ ಸ್ಟೀಲ್ ಸೋಲ್ ಮೋಡ್‌ನಲ್ಲಿ ಆಟವನ್ನು ಶೇ. 100ರಷ್ಟು ಮುಗಿಸುವುದು. ಕೆಲಸ ಮುಗಿದ ಮೇಲೆ ಒಂದೆರಡು ಗಂಟೆಯಷ್ಟೇ ಸಿಗುವವನಿಗೆ ಇದು ಅತಿಯಾಯಿತೆಂದು ಗೆಳೆಯರ ಆಕ್ಷೇಪ. ಗುರಿ ದೊಡ್ಡದಿದ್ದರೆ ಮಾತ್ರ ನಾನು ಆಟವನ್ನು ಅರ್ಧಕ್ಕೆ ಬಿಡುವುದಿಲ್ಲ ಎಂಬುದು ನನ್ನ ವಾದ. ನೀವೇನು ಹೇಳುತ್ತೀರಿ?

ನಿಧಾನಗತಿ:
ಎರಡನೆಯ ಗುರಿಯನ್ನು ಇಂದೇ ಕೈಬಿಡಿ. ಸ್ಟೀಮ್‌ನ ಆ ಸರಾಸರಿಯು ಕನಿಷ್ಠ ಒಂದು ಅಚೀವ್‌ಮೆಂಟ್ (ಆಟದೊಳಗೆ ಗೊತ್ತುಪಡಿಸಿದ ಸಾಧನೆಗೆ ಸಿಗುವ ಗುರುತು) ಸಿಕ್ಕಿರುವ ಆಟಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹೀಗಾಗಿ ಹೊಸ ಆಟವೊಂದನ್ನು ತೆರೆದು, ಮೊದಲ ಪಾಠ ಮುಗಿಸಿದ್ದಕ್ಕೆಂದು ಅದು ಕೊಡುವ ಅಚೀವ್‌ಮೆಂಟ್ ಪರದೆಯ ಮೂಲೆಯಲ್ಲಿ ಮೂಡಿದ ಕೂಡಲೇ ನಿಮ್ಮ ಪ್ರಮಾಣ ಇಳಿಯುತ್ತದೆ. ಅದನ್ನು 90ರಲ್ಲಿ ಉಳಿಸಿಕೊಳ್ಳಲು ಹೊರಟವರು ಕ್ರಮೇಣ ಹೊಸ ಆಟಗಳನ್ನು ಮುಟ್ಟಿ ನೋಡುವುದಕ್ಕೂ ಹಿಂಜರಿಯುತ್ತಾರೆ. ಇಷ್ಟವಾಗದ ಆಟವನ್ನೂ ಅಂಕಿಯ ಮುಲಾಜಿಗೆ ಕೊನೆಯವರೆಗೆ ಎಳೆಯುತ್ತಾರೆ. ಇದು ಸಾಲದೆಂಬಂತೆ, ನೀವು ಪೂರ್ತಿಗೊಳಿಸಿದ ಆಟಕ್ಕೆ ತಯಾರಕರು ಮುಂದೊಂದು ದಿನ ಹೊಸ ಅಚೀವ್‌ಮೆಂಟ್‌ಗಳನ್ನು ಸೇರಿಸಿದರೆ ನಿಮ್ಮ ನೂರು ನೂರಾಗಿ ಉಳಿಯುವುದಿಲ್ಲ. ಆ ಮಟ್ಟಿಗೆ ಪ್ಲಾಟಿನಂ ಮೇಲು: ಡಿಎಲ್‌ಸಿ (ಆಟಕ್ಕೆ ಆಮೇಲೆ ಸೇರುವ ಹೆಚ್ಚುವರಿ ಭಾಗ) ಬಂದರೂ ಒಮ್ಮೆ ಸಿಕ್ಕಿದ್ದು ಹೋಗುವುದಿಲ್ಲ.

ಹಳೇ ಕಾರ್ಟ್ರಿಡ್ಜ್:
ಎರಡನೆಯದನ್ನು ಮಾತ್ರವೇಕೆ, ಮೊದಲನೆಯದನ್ನೂ ಬಿಡಬೇಕು. 2005ರಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರ ಬಂದಾಗ ಡಿಸ್ಕ್‌ನಲ್ಲಿ ಮಾರುವ ಪ್ರತಿ ಆಟಕ್ಕೂ 1,000 ಗೇಮರ್‌ಸ್ಕೋರ್ (ಅಚೀವ್‌ಮೆಂಟ್‌ಗಳಿಂದ ಸಿಗುವ ಅಂಕ) ಎಂದು ನಿಗದಿಯಾಯಿತು. ಆಟ ಕಠಿಣವೋ ಸುಲಭವೋ ಎಂಬುದು ಆ ಲೆಕ್ಕಕ್ಕೆ ಬೇಕಾಗಿರಲಿಲ್ಲ. 2007ರ 'ಅವತಾರ್: ದಿ ಬರ್ನಿಂಗ್ ಅರ್ಥ್' ಆಟದಲ್ಲಿ ಇದ್ದದ್ದೇ ಐದು ಅಚೀವ್‌ಮೆಂಟ್‌ಗಳು. ಹೊಡೆತಗಳ ಸರಣಿಯನ್ನು ಕಡಿಯದೆ 50ಕ್ಕೆ ಮುಟ್ಟಿಸಿದರೆ ಐದೂ ಸಿಕ್ಕಿ, ಕೆಲವೇ ನಿಮಿಷಗಳಲ್ಲಿ ಪೂರ್ತಿ ಸಾವಿರ ಕೈಸೇರುತ್ತಿತ್ತು. ಕಥೆ ನೋಡದೆ, ಆ ಸಾವಿರಕ್ಕಾಗಿಯೇ ಅದನ್ನು ಹುಡುಕಿಕೊಂಡು ಹೋದವರು ಕಡಿಮೆಯಿಲ್ಲ. 'ವರ್ಷಕ್ಕೆ ಹನ್ನೆರಡು' ಎಂಬ ನಿಮ್ಮ ಗುರಿ ಹತ್ತನೆಯ ತಿಂಗಳಲ್ಲಿ ಏಳಕ್ಕೆ ನಿಂತಿದ್ದರೆ ನೀವೂ ಅಂಥದ್ದೇ ಐದು ಆಟಗಳನ್ನು ಹುಡುಕುತ್ತೀರಿ.

ಇದರ ಹಿಂದಿನ ಮನಶ್ಶಾಸ್ತ್ರವೂ ಹೊಸದಲ್ಲ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಚಿತ್ರ ಬಿಡಿಸಿದರೆ ಒಂದು ಪ್ರಶಸ್ತಿಪತ್ರ ಕೊಡುವುದಾಗಿ ಮುಂಚಿತವಾಗಿ ಹೇಳಲಾಗಿತ್ತು. ಕೆಲದಿನಗಳ ನಂತರ ಬಹುಮಾನದ ಮಾತೇ ಇಲ್ಲದ ವೇಳೆಯಲ್ಲಿ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಪೆನ್ನು ಹಿಡಿದರು. ಟ್ರೋಫಿ ನಮಗೆ ಮಾಡುತ್ತಿರುವುದೂ ಇದನ್ನೇ.

ಕಂಟ್ರೋಲರ್ ಕೈ:
ಪ್ರಯೋಗದ ಅರ್ಧ ಭಾಗವನ್ನು ಮಾತ್ರ ಹೇಳಿದ್ದೀರಿ. ಅದೇ ಪ್ರಯೋಗದ ಇನ್ನೊಂದು ಗುಂಪಿಗೆ ಅದೇ ಪ್ರಶಸ್ತಿಪತ್ರವನ್ನು ಏನೂ ಮೊದಲು ತಿಳಿಸದೆ ಕೊನೆಯಲ್ಲಿ ಕೊಡಲಾಗಿತ್ತು, ಆ ಮಕ್ಕಳ ಆಸಕ್ತಿ ಹಾಗೆ ಕುಗ್ಗಲಿಲ್ಲ. ವಿವರ ಮುಚ್ಚಿಟ್ಟ ಅಚೀವ್‌ಮೆಂಟ್‌ಗಳು ಈ ಎರಡನೆಯ ಬಗೆಯವು. ಅದಕ್ಕೂ ಮುಖ್ಯವಾಗಿ, ಬೇರೆಯವರು ಆಮಿಷವಾಗಿ ಮುಂದೊಡ್ಡಿದ ಬಹುಮಾನಕ್ಕೂ ಒಬ್ಬ ವಯಸ್ಕ ತಾನೇ ಆರಿಸಿಕೊಂಡ ಸವಾಲಿಗೂ ವ್ಯತ್ಯಾಸವಿದೆ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ನಡೆಸಿದ ಅಧ್ಯಯನಗಳು, 'ಕೈಲಾದಷ್ಟು ಮಾಡು' ಎನ್ನುವುದಕ್ಕಿಂತ ನಿರ್ದಿಷ್ಟವೂ ಕಠಿಣವೂ ಆದ ಗುರಿಯಿಂದ ಹೆಚ್ಚಿನ ಸಾಧನೆಯಾಗುತ್ತದೆ ಎಂದೇ ತೋರಿಸಿದವು.

ಅಂದಹಾಗೆ, ತಾವು ಕಾರ್ಟ್ರಿಡ್ಜ್ ಕಾಲದವರು ಎಂದುಕೊಂಡು ಕೇಳುತ್ತೇನೆ: 1980ರ ದಶಕದ ಆರಂಭದಲ್ಲಿ 'ಪಿಟ್‌ಫಾಲ್' ಆಟದಲ್ಲಿ 20,000 ಅಂಕ ದಾಟಿದವರು ಟಿವಿ ಪರದೆಯ ಫೋಟೊ ತೆಗೆದು ಅಂಚೆಯಲ್ಲಿ ಕಳಿಸಿದರೆ ಆಕ್ಟಿವಿಷನ್ ಕಂಪನಿ ಬಟ್ಟೆಗೆ ಹೊಲಿದುಕೊಳ್ಳುವ ಬಿಲ್ಲೆಯೊಂದನ್ನು ಕಳಿಸಿಕೊಡುತ್ತಿತ್ತಲ್ಲ, ಅದು ಟ್ರೋಫಿಯಲ್ಲದೆ ಮತ್ತೇನು?

ಹಳೇ ಕಾರ್ಟ್ರಿಡ್ಜ್:
ಅದು ಟ್ರೋಫಿಯೇ, ಒಪ್ಪಿದೆ. ಆದರೆ ಒಂದು ಆಟಕ್ಕೆ ಒಂದು ಬಿಲ್ಲೆ, ಅದೂ ಆ ಆಟದಲ್ಲಿ ಕೈ ಪಳಗಿದ ಮೇಲೆ. ಎಲ್ಲ ಆಟಗಳನ್ನೂ ಕೂಡಿಸಿ ಮೊತ್ತ ತೋರಿಸುವ ವ್ಯವಸ್ಥೆ ಆಗ ಇರಲಿಲ್ಲ. ನನ್ನ ತಕರಾರು ಈ ಮೊತ್ತದ ಮೇಲೆ.

ಮೂರನೇ ಹಂತ:
ಹಾಗಾದರೆ ನಿಮ್ಮಿಬ್ಬರ ನಡುವೆ ಉಳಿದ ಭಿನ್ನಾಭಿಪ್ರಾಯ ಬಹಳ ಚಿಕ್ಕದು. ಗುರಿಯು ನಾವು ಆಡುವ ರೀತಿಯನ್ನು ಬದಲಿಸುತ್ತದೆಯೇ, ಅಥವಾ ಆಡುವ ಆಟಗಳ ಆಯ್ಕೆಯನ್ನಷ್ಟೇ ಬದಲಿಸುತ್ತದೆಯೇ ಎಂದು ಕೇಳಿಕೊಂಡರೆ ಸಾಕು. ಮೂಲ ಬರಹಗಾರರ ಮೂರನೆಯ ಗುರಿ ಆಡುವ ರೀತಿಯನ್ನು ಬದಲಿಸುವಂಥದ್ದು, ಆದ್ದರಿಂದ ಅದರ ಬಗ್ಗೆಯೇ ನಾಲ್ಕು ಮಾತು ಹೆಚ್ಚು ಹೇಳುತ್ತೇನೆ.

'ಹಾಲೊ ನೈಟ್'ನಲ್ಲಿ ದೊರೆಯುವ ಒಟ್ಟು ಪೂರ್ಣತೆ ಶೇ. 112. ಸ್ಟೀಲ್ ಹಾರ್ಟ್‌ಗೆ ಬೇಕಾದದ್ದು 100. ಅಂದರೆ ಹನ್ನೆರಡು ಅಂಶಗಳಷ್ಟನ್ನು ನೀವು ಬೇಕೆಂದೇ ಬಿಟ್ಟುಬಿಡಬಹುದು. ಸಾಮಾನ್ಯ ಮೋಡ್‌ನಲ್ಲಿ ಯಾರೂ ಹೀಗೆ ಯೋಚಿಸುವುದಿಲ್ಲ. ಎದುರಿಗೆ ಬಂದದ್ದನ್ನು ಹೊಡೆಯುತ್ತೇವೆ, ಸಾಯುತ್ತೇವೆ, ಕೊನೆಯದಾಗಿ ಕುಳಿತಿದ್ದ ಬೆಂಚಿನಿಂದ ಮತ್ತೆ ಓಡುತ್ತೇವೆ. ಸ್ಟೀಲ್ ಸೋಲ್‌ನಲ್ಲಿ ಪ್ರತಿಯೊಂದು ಅಂಶವನ್ನೂ ಅದರ ಅಪಾಯದೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಆಟದ ಪಾತ್ರ ಪ್ರವೇಶಿಸುವ ಕನಸಿನೊಳಗೆ ಸೋತರೆ ಅದು ಸಾವೆಂದು ಪರಿಗಣಿತವಾಗುವುದಿಲ್ಲ, ಎಚ್ಚರಗೊಂಡು ಹೊರಗೆ ಬರುತ್ತೀರಿ. ಆದ್ದರಿಂದ ಕನಸಿನಲ್ಲಿ ಎದುರಾಗುವ ಬಾಸ್‌ಗಳು (ಪ್ರಬಲ ಎದುರಾಳಿಗಳು) ಎಷ್ಟೇ ಭಯಂಕರವಾಗಿದ್ದರೂ ಈ ಮೋಡ್‌ನಲ್ಲಿ ನಿರಪಾಯ; ಅಲೆಅಲೆಯಾಗಿ ಬರುವ ಶತ್ರುಗಳೊಂದಿಗೆ ಕಾದಾಡುವ ಕಣವಾದ ಕೊಲೊಸಿಯಂನಲ್ಲಾದರೋ ಸಾವು ಸಾವೇ. ಜನರು ಹೆದರುವ ಕಡೆ ಅಪಾಯವಿಲ್ಲ, ಅಪಾಯವಿರುವ ಕಡೆ ಹೆದರುವುದಿಲ್ಲ. ಇಷ್ಟನ್ನು ತಿಳಿದು ದಾರಿಯನ್ನು ಯೋಜಿಸುವುದರಲ್ಲೇ ಈ ಅಚೀವ್‌ಮೆಂಟ್‌ನ ಅರ್ಧ ಕೆಲಸವಿದೆ, ಸುಖವಂತೂ ಪೂರ್ತಿ ಅಲ್ಲೇ ಇದೆ.

ಲಾಕ್ ಮತ್ತು ಲೇಥಮ್ ಅವರ ಸಿದ್ಧಾಂತಕ್ಕೂ ಒಂದು ತಿದ್ದುಪಡಿಯಿದೆ. ಕೆಲಸ ಜಟಿಲವಾಗಿದ್ದು ಕೌಶಲ ಇನ್ನೂ ಕೈಗೂಡದಿದ್ದಾಗ 'ಇಷ್ಟು ಫಲಿತಾಂಶ ಬೇಕು' ಎಂಬ ಗುರಿಗಿಂತ 'ಇದನ್ನು ಕಲಿಯಬೇಕು' ಎಂಬ ಗುರಿ ಹೆಚ್ಚು ಕೆಲಸ ಮಾಡುತ್ತದೆ. ಹಾಗಾಗಿ ಮೊದಲ ಮೂರು ತಿಂಗಳಿಗೆ 'ಸ್ಟೀಲ್ ಹಾರ್ಟ್ ಪಡೆಯುತ್ತೇನೆ' ಎಂದು ಬರೆದುಕೊಳ್ಳಬೇಡಿ. 'ಈ ಬಾಸನ್ನು ಸಾಮಾನ್ಯ ಮೋಡ್‌ನಲ್ಲಿ, ಅರ್ಧಕ್ಕಿಂತ ಕಡಿಮೆ ಪೆಟ್ಟು ತಿಂದು ಸೋಲಿಸುತ್ತೇನೆ' ಎಂದು ಬರೆದುಕೊಳ್ಳಿ.

ತಡರಾತ್ರಿ ಆಟಗಾರ:
ಇದು ಉಪಯುಕ್ತ. ಎರಡು ಪ್ರಶ್ನೆಗಳಿವೆ. 20 ಗಂಟೆಯೊಳಗೆ ಶೇ. 100 ಮುಗಿಸುವ 'ಸ್ಪೀಡ್ ಕಂಪ್ಲೀಶನ್' ಅನ್ನೂ ಅದೇ ಓಟದಲ್ಲಿ, ಅಂದರೆ ಆರಂಭದಿಂದ ಕೊನೆಯವರೆಗೆ ಒಮ್ಮೆ ಆಡುವುದರಲ್ಲೇ, ಪಡೆಯಬಹುದೇ? ಹಾಗೆಯೇ, ಕಂಪ್ಯೂಟರಿನಲ್ಲಿ ಆಡುವವರು ಆಟದ ಪ್ರಗತಿ ಉಳಿಯುವ ಸೇವ್ ಫೈಲ್‌ನ ನಕಲು ತೆಗೆದಿಟ್ಟುಕೊಳ್ಳುವುದನ್ನು ನೋಡಿದ್ದೇನೆ, ಅದು ತಪ್ಪೇ?

ನಿಧಾನಗತಿ:
ಎರಡನ್ನೂ ಒಂದೇ ಓಟದಲ್ಲಿ ಪಡೆಯಲು ಸಾಧ್ಯ, ಪಡೆದವರೂ ಇದ್ದಾರೆ, ಆದರೂ ಬೇಡ. ಗಡಿಯಾರ ನೋಡುತ್ತಾ ಆಡುವವರು ಪ್ರಾಣ ತುಂಬಿಸಿಕೊಳ್ಳಲು ಹಿಂದೆ ಸರಿಯುವುದಿಲ್ಲ, ಸ್ಟೀಲ್ ಸೋಲ್ ಕೇಳುವುದೇ ಹಿಂದೆ ಸರಿಯುವ ತಾಳ್ಮೆಯನ್ನು. ನಕಲಿನ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ: ಕರೆಂಟ್ ಹೋಗಿ ಫೈಲ್ ಕೆಟ್ಟರೆ ಬಳಸಲು ಇಟ್ಟುಕೊಳ್ಳಿ, ಸತ್ತಾಗ ಬಳಸಬೇಡಿ.

ಕಂಟ್ರೋಲರ್ ಕೈ:
ನಾನು ಒಪ್ಪುವುದಿಲ್ಲ. ದಿನಕ್ಕೆ ಒಂದು ಗಂಟೆ ಸಿಗುವವರು ವಾರಗಟ್ಟಲೆ ಆಡಿದ್ದನ್ನು ಒಂದು ಜಾರಿಕೆಗೆ ಕಳೆದುಕೊಳ್ಳಬೇಕೆಂಬ ನಿಯಮವನ್ನು ಬೇರೆಯವರು ಹೇರಲಾಗದು. ಆಡುವವರು ಒಬ್ಬರೇ, ಎದುರಾಳಿಯಿಲ್ಲ, ಮೋಸ ಹೋಗುವವರೂ ಯಾರಿಲ್ಲ.

ಹಳೇ ಕಾರ್ಟ್ರಿಡ್ಜ್:
ಎದುರಾಳಿ ಇಲ್ಲದಿದ್ದರೆ ಅದನ್ನು ಪ್ರೊಫೈಲಿನಲ್ಲಿ ಮೊದಲನೆಯದಾಗಿ ತೋರಿಸುವುದು ಯಾರಿಗೆ? ನಕಲಿನಿಂದ ಬಂದದ್ದನ್ನು ತೋರಿಸದೆ ಇಟ್ಟುಕೊಂಡರೆ ನನ್ನದೇನೂ ಅಭ್ಯಂತರವಿಲ್ಲ.

ಮೂರನೇ ಹಂತ:
ಪ್ಲಾಟಿನಂ ಪಟ್ಟಿಯ ಬಗ್ಗೆ ಯಾರೂ ಹೇಳದ ಒಂದು ಮಾತು. ಆಯ್ಕೆ ಮಾಡಿದ ಆಟಗಳಲ್ಲಿ ಆನ್‌ಲೈನ್ ಟ್ರೋಫಿ ಇರುವವನ್ನು ಮೊದಲಿಗೆ ಇಡಿ. ಎಕ್ಸ್‌ಬಾಕ್ಸ್ 360ರ 'ಹೇಲೊ' ಆಟಗಳ ಸರ್ವರ್‌ಗಳು 2022ರ ಜನವರಿಯಲ್ಲಿ ನಿಂತವು. ಅಲ್ಲಿನ ಆನ್‌ಲೈನ್ ಅಚೀವ್‌ಮೆಂಟ್‌ಗಳನ್ನು ಆ ಬಳಿಕ ಎಷ್ಟು ಚೆನ್ನಾಗಿ ಆಡಿದರೂ ಪಡೆಯಲಾಗದು. ಒಬ್ಬರೇ ಆಡುವ ಆಟ ನಿಮಗಾಗಿ ಕಾಯುತ್ತದೆ, ಸರ್ವರ್ ಕಾಯುವುದಿಲ್ಲ.

ತಡರಾತ್ರಿ ಆಟಗಾರ:
ಎಲ್ಲರಿಗೂ ಧನ್ಯವಾದಗಳು. ಶೇಕಡಾ ಪ್ರಮಾಣದ ಗುರಿಯನ್ನು ಪಟ್ಟಿಯಿಂದ ತೆಗೆದಿದ್ದೇನೆ. ಹನ್ನೆರಡರ ಬದಲು, ಹೆಸರು ಹಿಡಿದು ಆರಿಸಿದ ನಾಲ್ಕು ಪ್ಲಾಟಿನಂ ಇಟ್ಟುಕೊಂಡಿದ್ದೇನೆ, ಆನ್‌ಲೈನ್ ಆಟ ಮೊದಲು. ಸ್ಟೀಲ್ ಹಾರ್ಟ್ ಹಾಗೆಯೇ ಇರುತ್ತದೆ. ನಕಲು ಇಟ್ಟುಕೊಳ್ಳುವ ಬಗ್ಗೆ ಮಾತ್ರ ಇನ್ನೂ ತೀರ್ಮಾನಿಸಿಲ್ಲ. 'ಹಾಲೊ ನೈಟ್'ನಲ್ಲಿ ಬಿಡಬಹುದಾದ ಆ ಹನ್ನೆರಡು ಅಂಶಗಳಲ್ಲಿ ಮೊದಲು ಬಿಡಬೇಕಾದದ್ದು ಯಾವುದು?

ಮೂರನೇ ಹಂತ:
ಕೊಲೊಸಿಯಂನ ಮೂರನೆಯ ಪರೀಕ್ಷೆ. ಅದರಿಂದ ಸಿಗುವುದು ಒಂದೇ ಅಂಶ, ಅದಕ್ಕಾಗಿ ಒಡ್ಡುವುದು ಇಡೀ ಓಟವನ್ನು.